ಕಂಪ್ಯೂಟರ್ ಎಂಬ ನೌಕರಿ

1831ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಹುಡುಗನೊಬ್ಬ ಕಂಪ್ಯೂಟರ್ ಆಗಿ ಕೆಲಸಕ್ಕೆ ಸೇರಿದ. ವಯಸ್ಸು ಹದಿನೆಂಟು. ಸಂಬಳ ತಿಂಗಳಿಗೆ 30 ರೂಪಾಯಿ. ಹೆಸರು ರಾಧಾನಾಥ ಸಿಕ್ದರ್. ತ್ರಿಕೋನಗಳ ಲೆಕ್ಕದಿಂದ ದೇಶವನ್ನು ಅಳೆಯುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆಯಲ್ಲಿ ಅವನ ಹುದ್ದೆಯ ಹೆಸರೇ 'ಕಂಪ್ಯೂಟರ್'. ಲೆಕ್ಕ ಮಾಡುವವನು ಅಂತ.

ಇದನ್ನು ಮೊದಲ ಸಲ ಓದಿದಾಗ ನಾನು ಮುಂದಿನ ಪುಟಕ್ಕೆ ಹೋಗಲಿಲ್ಲ. ನನ್ನ ಅನ್ನ ಬರುವುದೇ ಕಂಪ್ಯೂಟರ್ ಮುಂದೆ ಕೂತು. ಆ ಮಾತು ಒಂದು ಕಾಲಕ್ಕೆ ಮನುಷ್ಯರ ಸಂಬಳದ ಪಟ್ಟಿಯಲ್ಲಿ ಇತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಹುಡುಕುತ್ತಾ ಹೋದ ಹಾಗೆ ತಿಳಿಯಿತು, ಸಿಕ್ದರ್ ಒಬ್ಬರೇ ಅಲ್ಲ. ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲ ಇಂಗ್ಲಿಷಿನಲ್ಲಿ ಕಂಪ್ಯೂಟರ್ ಅಂದರೆ ಮನುಷ್ಯ. ಆ ಹೆಸರು ಯಂತ್ರದ್ದೇ ಎಂದು ಗಟ್ಟಿಯಾಗಿ ಇನ್ನೂ ನೂರು ವರ್ಷ ಕೂಡ ಆಗಿಲ್ಲ.

ಕೆಲಸ ಯಂತ್ರಕ್ಕೆ ಹೋಯಿತು. ಜೊತೆಗೆ ಹೆಸರೂ ಹೋಯಿತು. ಕೆಲಸ ಹೋದವರನ್ನು ಜನ ಸ್ವಲ್ಪ ದಿನವಾದರೂ ನೆನೆಯುತ್ತಾರೆ. ಹೆಸರೂ ಹೋದವರನ್ನು ನೆನೆಯುವುದು ಹೇಗೆ? ಯಾವ ಮಾತು ಹಿಡಿದು ಹುಡುಕುವುದು? ಇದು ನನ್ನನ್ನು ತುಂಬಾ ಕಾಡಿದೆ. ಅದಕ್ಕೇ ಈ ಬರಹ.

ಮೊದಲು ಪದದ ಬೇರು ನೋಡಿಬಿಡೋಣ. ಅದು ಲ್ಯಾಟಿನ್ನಿನದು. ಅಲ್ಲಿ 'ಪುಟಾರೆ' ಅಂದರೆ ಮೂಲದಲ್ಲಿ ಸವರುವುದು, ಚೊಕ್ಕ ಮಾಡುವುದು. ಗಿಡ-ಬಳ್ಳಿಗಳ ಬೇಡದ ಕುಡಿ ಕತ್ತರಿಸುವ ಕೆಲಸಕ್ಕೆ ಆ ಮಾತು ಬಳಸುತ್ತಿದ್ದರು. ಆಮೇಲೆ ಲೆಕ್ಕವನ್ನು ಚೊಕ್ಕ ಮಾಡುವುದಕ್ಕೂ ಅದೇ ಮಾತಾಯಿತು, ಯೋಚನೆ ಮಾಡುವುದಕ್ಕೂ ಆಯಿತು. ಮುಂದೆ ಒಂದು 'ಕಾಮ್' ಸೇರಿ 'ಕಾಂಪುಟಾರೆ' ಹುಟ್ಟಿತು, ಎಲ್ಲ ಕೂಡಿಸಿ ಲೆಕ್ಕ ಹಾಕು ಅಂತ. ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂದಾಗ ಅದೇ 'ಕೌಂಟ್'. ಬ್ಯಾಂಕಿನ ಅಕೌಂಟು, ಅಂಗಡಿಯ ಕೌಂಟರು ಎಲ್ಲ ಅದರ ಮಕ್ಕಳು. ಆಸ್ಪತ್ರೆಯಲ್ಲಿ ಕೈಕಾಲು ಕತ್ತರಿಸುವುದಕ್ಕೆ ಆಂಪ್ಯುಟೇಶನ್ ಅಂತಾರಲ್ಲ, ಅದೂ ಇದೇ ಬೇರಿನದು. ಅಲ್ಲಿ ಮಾತ್ರ ಸವರುವ ಹಳೇ ಅರ್ಥ ಹಾಗೇ ಉಳಿದುಕೊಂಡಿದೆ.

ಇಂಗ್ಲಿಷಿನಲ್ಲಿ 'ಕಂಪ್ಯೂಟರ್' ಎಂಬ ರೂಪ 1613ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಸಿಗುತ್ತದೆ. ಅಲ್ಲಿ ಬರುವುದು 'ಕಾಲದ ಕಂಪ್ಯೂಟರ್', ಅಂದರೆ ಮನುಷ್ಯನ ಆಯಸ್ಸಿನ ದಿನಗಳನ್ನು ಲೆಕ್ಕ ಹಾಕುವವನು. ಕಾಲಕ್ಕೂ ಈ ಪದಕ್ಕೂ ಮೊದಲಿಂದ ನಂಟಿದೆ. ಯುರೋಪಿನ ಚರ್ಚುಗಳಿಗೆ ಪ್ರತಿ ವರ್ಷ ಈಸ್ಟರ್ ಯಾವ ದಿನ ಬರುತ್ತದೆ ಎಂದು ಗೊತ್ತು ಮಾಡಬೇಕಿತ್ತು. ವಸಂತದ ಸಮರಾತ್ರಿ, ಅದಾದ ಮೇಲಿನ ಹುಣ್ಣಿಮೆ, ಅದರ ಮುಂದಿನ ಭಾನುವಾರ. ಸೂರ್ಯ, ಚಂದ್ರ, ವಾರ ಮೂರನ್ನೂ ಹೊಂದಿಸಬೇಕು. ಈ ಲೆಕ್ಕಕ್ಕೆ 'ಕಂಪ್ಯೂಟಸ್' ಎಂದೇ ಹೆಸರು. ನಮ್ಮ ಪಂಚಾಂಗದವರು ತಿಥಿ, ನಕ್ಷತ್ರ ಗುಣಿಸುವ ಹಾಗೆ ಅಲ್ಲಿನ ಪಾದ್ರಿಗಳು ಕೂತು ಗುಣಿಸುತ್ತಿದ್ದರು.

ಆದರೆ ಕಂಪ್ಯೂಟರ್ ಎಂಬುದು ಸಂಬಳ ತರುವ ನೌಕರಿಯಾಗಿದ್ದು ಸಮುದ್ರದ ದೆಸೆಯಿಂದ, ಹದಿನೆಂಟನೇ ಶತಮಾನದಲ್ಲಿ.

ನಡು ಸಮುದ್ರದಲ್ಲಿ ಹಡಗು ಎಲ್ಲಿದೆ ಅಂತ ತಿಳಿಯಬೇಕಿತ್ತು. ಅಕ್ಷಾಂಶ ಸುಲಭ, ರೇಖಾಂಶ ಕಷ್ಟ. ಅದಕ್ಕೆ ಒಂದು ದಾರಿ ಚಂದ್ರ. ಚಂದ್ರ ಆಕಾಶದಲ್ಲಿ ನಕ್ಷತ್ರಗಳ ನಡುವೆ ಸರಿಯುತ್ತಾ ಹೋಗುತ್ತಾನೆ. ಗ್ರೀನಿಚ್ಚಿನ ಸಮಯಕ್ಕೆ ಸರಿಯಾಗಿ, ಪ್ರತಿ ಮೂರು ಗಂಟೆಗೆ ಒಮ್ಮೆ, ಚಂದ್ರನಿಗೂ ಸೂರ್ಯನಿಗೂ, ಚಂದ್ರನಿಗೂ ಕೆಲವು ನಕ್ಷತ್ರಗಳಿಗೂ ಎಷ್ಟು ಅಂತರ ಇರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಅಚ್ಚು ಹಾಕಿದರೆ, ನಾವಿಕ ತಾನು ಅಳೆದ ಅಂತರವನ್ನು ಅದರ ಜೊತೆ ಹೋಲಿಸಿ ರೇಖಾಂಶ ಕಂಡುಕೊಳ್ಳಬಹುದು. ಆ ಪುಸ್ತಕವೇ ನಾಟಿಕಲ್ ಆಲ್ಮನಾಕ್. ಮೊದಲ ಸಂಚಿಕೆ 1767ನೇ ವರ್ಷದ್ದು. ಮಾಡಿಸಿದವರು ನೆವಿಲ್ ಮ್ಯಾಸ್ಕಲಿನ್, ಇಂಗ್ಲೆಂಡಿನ ರಾಜ ಖಗೋಳಜ್ಞ.

ಮ್ಯಾಸ್ಕಲಿನ್ ಕಚೇರಿ ಕಟ್ಟಲಿಲ್ಲ. ಇಂಗ್ಲೆಂಡಿನ ಊರೂರಲ್ಲಿ ಮನೆಯಲ್ಲೇ ಕೂತು ಲೆಕ್ಕ ಮಾಡುವವರನ್ನು ಗೊತ್ತು ಮಾಡಿಕೊಂಡರು. ಯಾವ ಟೇಬಲ್ ತೆಗೆಯಬೇಕು, ಯಾವ ಅಂಕಿಯನ್ನು ಎಲ್ಲಿ ಬರೆಯಬೇಕು, ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಟ್ಟರು. ಒಂದೇ ಲೆಕ್ಕವನ್ನು ಇಬ್ಬರಿಗೆ ಬೇರೆ ಬೇರೆ ಕೊಡುತ್ತಿದ್ದರು. ಮೂರನೆಯವನು ಎರಡನ್ನೂ ತಾಳೆ ನೋಡುತ್ತಿದ್ದ. ಅವನಿಗೆ ಕಂಪೇರರ್ ಅಂತ ಹೆಸರು. ಒಮ್ಮೆ ಇಬ್ಬರು ಕಂಪ್ಯೂಟರ್‌ಗಳು ಒಬ್ಬರದನ್ನೊಬ್ಬರು ನಕಲು ಮಾಡಿ ಸಿಕ್ಕಿಬಿದ್ದರು. ಇಬ್ಬರದ್ದೂ ತಪ್ಪು ಒಂದೇ ಕಡೆ ಇದ್ದರೆ ತಾಳೆ ನೋಡಿ ಏನು ಪ್ರಯೋಜನ? ಇಬ್ಬರನ್ನೂ ಕೆಲಸದಿಂದ ತೆಗೆದರು.

ಆ ಕಂಪ್ಯೂಟರ್‌ಗಳಲ್ಲಿ ಒಬ್ಬರು ಶ್ರಾಪ್‌ಶೈರಿನ ಲಡ್ಲೋ ಎಂಬ ಊರಿನ ಜಾನ್ ಎಡ್ವರ್ಡ್ಸ್. ಪಾದ್ರಿ. ದೂರದರ್ಶಕ ಮಾಡುವ ಹುಚ್ಚು ಇದ್ದವರು. ಆಲ್ಮನಾಕಿನ ಲೆಕ್ಕದ ಹಣ ಅವರ ಹೆಸರಿಗೆ ಬರುತ್ತಿತ್ತು. 1784ರಲ್ಲಿ ಅವರು ತೀರಿಕೊಂಡರು. ಆಗ ಅವರ ಹೆಂಡತಿ ಮೇರಿ ಮ್ಯಾಸ್ಕಲಿನ್ನರನ್ನು ಕೇಳಿಕೊಂಡರು: ಕೆಲಸ ನನಗೇ ಕೊಡಿ. ಇಷ್ಟು ದಿನ ಲೆಕ್ಕದ ಬಹುಪಾಲು ಮಾಡಿದ್ದು ಮೇರಿಯೇ ಎಂದು ಹೊರಗೆ ಬಂದಿದ್ದು ಹೀಗೆ. ಮ್ಯಾಸ್ಕಲಿನ್ ಒಪ್ಪಿದರು. ಆಮೇಲೆ ಮೂವತ್ತು ವರ್ಷ ಆ ಲೆಕ್ಕದಿಂದಲೇ ಮೇರಿ ಮನೆ ನಡೆಸಿದರು. ಅವರ ನಂತರ ಮಗಳು ಎಲೈಜಾ ಅದೇ ಕೆಲಸ ಮುಂದುವರಿಸಿದಳು. 1832ರಲ್ಲಿ ಸರ್ಕಾರ ಕೆಲಸವನ್ನೆಲ್ಲ ಲಂಡನ್ನಿನ ಒಂದು ಕಚೇರಿಗೆ ಸೇರಿಸಿತು. ಸರ್ಕಾರಿ ಕಚೇರಿಗೆ ಹೆಂಗಸರನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ. ಎಲೈಜಾಳ ಕಂಪ್ಯೂಟರ್ ಕೆಲಸ ಅಲ್ಲಿಗೆ ನಿಂತಿತು.

ತಾಯಿ-ಮಗಳು ಅಡಿಗೆಮನೆ, ಅಂಗಳ, ಮಕ್ಕಳು-ಮರಿಗಳ ನಡುವೆ ಕೂತು ಬರೆದ ಅಂಕಿಗಳನ್ನು ನಂಬಿ ಹಡಗುಗಳು ಭೂಮಿಯ ಆ ತುದಿಗೆ ಹೋಗಿ ಬಂದವು. ಎಲ್ಲೋ ಒಂದು ಅಂಕಿ ತಪ್ಪಿದ್ದರೆ ಹಡಗು ಬಂಡೆಗೆ. ಇಂಥ ಜವಾಬ್ದಾರಿಯ ಕೆಲಸವನ್ನು ಬರೀ 'ಗುಮಾಸ್ತೆ ಕೆಲಸ' ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಈಗ ಸಿಕ್ದರ್ ಅವರ ಕಥೆಗೆ ಬರೋಣ. ಇದಕ್ಕೆ ನಮ್ಮ ಬೆಂಗಳೂರೂ ಸೇರುತ್ತದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಮರುವರ್ಷ ಬೆಂಗಳೂರಿನ ಪಕ್ಕದ ಬಯಲಿನಲ್ಲಿ ಏಳು ಮೈಲಿಗೂ ಹೆಚ್ಚು ಉದ್ದದ ಒಂದು ನೇರ ಗೆರೆಯನ್ನು ಅಳೆದರು. ಅಳೆದಿದ್ದು ನೂರು ಅಡಿ ಉದ್ದದ ಉಕ್ಕಿನ ಸರಪಳಿಯಿಂದ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ ಎಂದು ಅದರ ಪಕ್ಕ ಥರ್ಮಾಮೀಟರ್ ಇಟ್ಟು ಆ ಹಿಗ್ಗನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇಂಥದ್ದೇ ಇನ್ನೊಂದು ಗೆರೆ. ಅಲ್ಲಿಂದ ಶುರುವಾದ ತ್ರಿಕೋನಗಳ ಸಾಲು ಮೈಸೂರು ಸೀಮೆ ದಾಟಿ, ಕನ್ಯಾಕುಮಾರಿ ಕಡೆಯಿಂದ ಹಿಮಾಲಯದವರೆಗೂ ಹೋಯಿತು. ಸಿಕ್ದರ್ ಸೇರಿದ ಸರ್ವೆ ಇದೇ.

ಇದರ ಗುಟ್ಟು ಇಷ್ಟೇ. ತ್ರಿಕೋನದ ಒಂದು ಬದಿ ಮತ್ತು ಕೋನಗಳು ಗೊತ್ತಿದ್ದರೆ ಉಳಿದೆರಡು ಬದಿಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಆ ಬದಿ ಮುಂದಿನ ತ್ರಿಕೋನಕ್ಕೆ ಆಧಾರ. ಸರಪಳಿ ಎಳೆಯುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಉಳಿದದ್ದೆಲ್ಲ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನ ನೋಡುವುದು, ಆಮೇಲೆ ಲೆಕ್ಕ. ರಾಶಿ ರಾಶಿ ಲೆಕ್ಕ.

ಆ ಲೆಕ್ಕ ಹೇಗಿತ್ತು ಅಂತ ಹತ್ತಿರದಿಂದ ನೋಡಬೇಕು, ಆಗಲೇ ಕಂಪ್ಯೂಟರ್ ಎಂಬ ನೌಕರಿಯ ರುಚಿ ಗೊತ್ತಾಗುವುದು. ಕೈಯಲ್ಲಿ ಏಳು ದಶಾಂಶದ ಲಾಗ್ ಟೇಬಲ್ ಪುಸ್ತಕ. ಪಿಯುಸಿಯಲ್ಲಿ ನಾವು ಬಳಸುತ್ತಿದ್ದದ್ದು ನಾಲ್ಕು ದಶಾಂಶದ್ದು, ಅದಕ್ಕೇ ಕಣ್ಣು ಉರಿಯುತ್ತಿತ್ತು. ಎರಡರ ಲಾಗ್ 0.3010300. ಮೂರರ ಲಾಗ್ 0.4771213. ಎರಡನ್ನೂ ಕೂಡಿದರೆ 0.7781513. ಟೇಬಲ್ಲಿನಲ್ಲಿ ಈ ಅಂಕಿ ಯಾವುದರ ಎದುರಿಗಿದೆ ಎಂದು ಹುಡುಕಿದರೆ ಆರು. ಗುಣಾಕಾರದ ಬದಲು ಬರೀ ಕೂಡುವುದು. ಇಲ್ಲಿ ಎರಡು ಮೂರಲೇ ಆರು ಅಂತ ಬಾಯಲ್ಲೇ ಬರುತ್ತದೆ. ಅವರ ಹತ್ತಿರ ಇದ್ದದ್ದು ಉದ್ದುದ್ದ ಅಂಕಿಗಳು, ಕೋನಗಳ ಸೈನ್ ಬೆಲೆಗಳು. ಟೇಬಲ್ಲಿನಲ್ಲಿ ನೇರವಾಗಿ ಸಿಗದ ಅಂಕಿಗೆ ಹಿಂದಿನದು, ಮುಂದಿನದು ನೋಡಿ ನಡುವಿನದನ್ನು ಲೆಕ್ಕ ಹಾಕಬೇಕು. ಒಂದು ಸಾಲು ಕಣ್ಣು ಜಾರಿದರೂ ಮುಗಿಯಿತು.

ಇನ್ನೊಂದು ತೊಡಕಿದೆ. ಶಾಲೆಯಲ್ಲಿ ನಾವು ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿ ಅಂತ ಕಲಿತಿದ್ದೇವೆ. ಭೂಮಿ ಉರುಟಾಗಿದೆಯಲ್ಲ, ಅದರ ಮೇಲೆ ಬರೆದ ದೊಡ್ಡ ತ್ರಿಕೋನದಲ್ಲಿ ಮೊತ್ತ 180ಕ್ಕಿಂತ ಒಂದು ಚೂರು ಜಾಸ್ತಿ ಬರುತ್ತದೆ. ಸುಮಾರು 200 ಚದರ ಕಿಲೋಮೀಟರಿಗೆ ಒಂದು ಸೆಕೆಂಡ್. ಡಿಗ್ರಿಯ 3,600ನೇ ಒಂದು ಭಾಗ ಅದು. ಆ ಚೂರನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ನೂರಾರು ತ್ರಿಕೋನ ದಾಟುವಷ್ಟರಲ್ಲಿ ಊರೇ ಜಾಗ ಬದಲಾಯಿಸಿರುತ್ತದೆ. ಇದಕ್ಕೆ ಗೋಳದ ಮೇಲಿನ ತ್ರಿಕೋನಮಿತಿ ಬಲ್ಲವರೇ ಬೇಕು. ಸರ್ವೆಯ ಮುಖ್ಯಸ್ಥ ಜಾರ್ಜ್ ಎವರೆಸ್ಟ್ ಅಂಥವರನ್ನು ಹುಡುಕುತ್ತಿದ್ದಾಗ ಹಿಂದೂ ಕಾಲೇಜಿನ ಗಣಿತದ ಅಧ್ಯಾಪಕರು ತಮ್ಮ ಶಿಷ್ಯ ಸಿಕ್ದರ್ ಹೆಸರು ಹೇಳಿದರು.

ಮುಂದೆ ಸಿಕ್ದರ್ ಕಲ್ಕತ್ತೆಯಲ್ಲಿ ಚೀಫ್ ಕಂಪ್ಯೂಟರ್ ಆದರು. ಹಿಮಾಲಯದ ಒಂದು ಶಿಖರಕ್ಕೆ ಸರ್ವೆಯವರು 'ಪೀಕ್ 15' ಎಂದು ಬರೀ ನಂಬರ್ ಕೊಟ್ಟಿದ್ದರು. ನೂರು ಮೈಲಿಗೂ ಹೆಚ್ಚು ದೂರದ ಬಯಲಿನಿಂದ ಅದರ ಕೋನಗಳನ್ನು ನೋಡಿದ್ದರು. ಬೇರೆ ಬೇರೆ ಜಾಗದಿಂದ ಬಂದ ಅಳತೆಗಳು ಬೇರೆ ಬೇರೆ ಎತ್ತರ ಹೇಳುತ್ತಿದ್ದವು. ಗಾಳಿಯಲ್ಲಿ ಬೆಳಕು ಬಾಗುತ್ತದೆ, ಶಿಖರ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ಆ ಬಾಗು ಹೊತ್ತಿಗೊಂದು, ಬಿಸಿಲಿಗೊಂದು. ಭೂಮಿಯ ಉರುಟು ಬೇರೆ. ಎಲ್ಲವನ್ನೂ ಕಳೆದು, ಕೂಡಿ, ಸರಾಸರಿ ತೆಗೆದಾಗ ಬಂದದ್ದು 29,002 ಅಡಿ. 1856ರಲ್ಲಿ, ಜಾರ್ಜ್ ಎವರೆಸ್ಟ್ ನಂತರ ಸರ್ವೆಯ ಮುಖ್ಯಸ್ಥರಾದ ಆಂಡ್ರ್ಯೂ ವಾ ಅದನ್ನು ಜಗತ್ತಿಗೆ ಹೇಳಿದರು. ಶಿಖರಕ್ಕೆ ಎವರೆಸ್ಟ್ ಹೆಸರಿಟ್ಟರು. ಇವತ್ತು ಉಪಗ್ರಹ ಬಳಸಿ ಅಳೆದ ಎತ್ತರ 8,848.86 ಮೀಟರ್. ಆ ಹಳೇ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಹತ್ತು ಮೀಟರ್ ಕೂಡ ಇಲ್ಲ.

ಸಿಕ್ದರ್ ಓಡೋಡಿ ಬಂದು 'ಸರ್, ಜಗತ್ತಿನ ಅತಿ ಎತ್ತರದ ಬೆಟ್ಟ ಸಿಕ್ಕಿತು' ಎಂದರು ಅಂತ ಒಂದು ಕಥೆ ಎಲ್ಲರೂ ಹೇಳುತ್ತಾರೆ. ಇತಿಹಾಸ ಬಲ್ಲವರು ಇದನ್ನು ಒಪ್ಪುವುದಿಲ್ಲ. ನನಗೂ ಆ ಕಥೆ ಬೇಡ ಅನಿಸುತ್ತದೆ. ಅದು ಈ ಕೆಲಸವನ್ನು ಒಂದು ಗಳಿಗೆಯ ಅದೃಷ್ಟದ ಹಾಗೆ ತೋರಿಸುತ್ತದೆ. ನಿಜವಾಗಿ ನಡೆದದ್ದು ವರ್ಷಗಟ್ಟಲೆಯ ದುಡಿಮೆ. ಡೆಹ್ರಾಡೂನ್ ಮತ್ತು ಕಲ್ಕತ್ತೆಯ ಕಚೇರಿಗಳಲ್ಲಿ ಹಲವು ಕಂಪ್ಯೂಟರ್‌ಗಳು ಕೂತು ಮಾಡಿದ್ದು. ಸಿಕ್ದರ್ ಅವರಲ್ಲಿ ಎಲ್ಲರಿಗಿಂತ ದೊಡ್ಡವರು. ಅಷ್ಟು ಸಾಕಲ್ವಾ?

ಅವರ ಬಗ್ಗೆ ನನಗೆ ಜಾಸ್ತಿ ಗೌರವ ಬಂದದ್ದು ಬೆಟ್ಟದ ಲೆಕ್ಕದಿಂದಲ್ಲ. 1843ರಲ್ಲಿ ಡೆಹ್ರಾಡೂನಿನಲ್ಲಿ ಮ್ಯಾಜಿಸ್ಟ್ರೇಟನೊಬ್ಬ ಸರ್ವೆಯ ಕೂಲಿಯಾಳುಗಳ ಕೈಲಿ ಬಿಟ್ಟಿಯಾಗಿ ತನ್ನ ಸಾಮಾನು ಹೊರಿಸಿದ. ಸಿಕ್ದರ್ ಅದನ್ನು ತಡೆದರು. ಬಿಳಿಯ ಅಧಿಕಾರಿಯ ಎದುರು, ಆ ಕಾಲದಲ್ಲಿ! ಕೇಸಾಯಿತು. 200 ರೂಪಾಯಿ ದಂಡ ಬಿತ್ತು. ಅವರು ತಲೆ ತಗ್ಗಿಸಲಿಲ್ಲ.

ಸರ್ವೆಯ ಕೈಪಿಡಿಯೊಂದು 1851ರಲ್ಲಿ ಅಚ್ಚಾಯಿತು. ಅದರ ಗಣಿತದ ಅಧ್ಯಾಯಗಳು ಸಿಕ್ದರ್ ಬರೆದದ್ದು ಎಂದು ಮುನ್ನುಡಿಯಲ್ಲೇ ಇತ್ತು. 1870ರಲ್ಲಿ ಅವರು ತೀರಿಕೊಂಡರು. 1875ರ ಮೂರನೇ ಮುದ್ರಣ ನೋಡಿದರೆ ಅಧ್ಯಾಯಗಳು ಇವೆ, ಹೆಸರಿಲ್ಲ. 'ಫ್ರೆಂಡ್ ಆಫ್ ಇಂಡಿಯಾ' ಪತ್ರಿಕೆ ಇದನ್ನು ಸತ್ತವರ ದರೋಡೆ ಎಂದು ಕರೆಯಿತು. ಪತ್ರಿಕೆಯಲ್ಲಿ ಹಾಗೆ ಬರೆದವನು ಒಬ್ಬ ಬ್ರಿಟಿಷ್ ಸೇನಾಧಿಕಾರಿ ಎಂಬುದನ್ನೂ ಹೇಳಬೇಕು.

ಅಲ್ಲಿಂದ ಅಮೆರಿಕಕ್ಕೆ ಹೋದರೂ ಕಥೆ ಹೆಚ್ಚು ಬದಲಾಗುವುದಿಲ್ಲ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ ನಿರ್ದೇಶಕರಾಗಿದ್ದಾಗ ಆಕಾಶದ ಫೋಟೋ ತೆಗೆದ ಗಾಜಿನ ಫಲಕಗಳನ್ನು ನೋಡಿ ಲೆಕ್ಕ ಮಾಡಲು ಹೆಂಗಸರನ್ನು ತೆಗೆದುಕೊಂಡರು. ಅವರೂ ಕಂಪ್ಯೂಟರ್‌ಗಳೇ. ಗಂಟೆಗೆ 25ರಿಂದ 30 ಸೆಂಟ್ ಕೂಲಿ. ಗಂಡ ಬಿಟ್ಟುಹೋಗಿ ಪಿಕರಿಂಗ್ ಮನೆಯಲ್ಲಿ ಕೆಲಸಕ್ಕಿದ್ದ ವಿಲಿಯಮಿನಾ ಫ್ಲೆಮಿಂಗ್ ಹೀಗೆ ಬಂದು ಕುದುರೆತಲೆ ನೀಹಾರಿಕೆಯನ್ನು ಕಂಡುಹಿಡಿದರು. ತನಗೆ ವರ್ಷಕ್ಕೆ 1,500 ಡಾಲರ್, ಗಂಡಸರಿಗೆ 2,500 ಎಂದು ದಿನಚರಿಯಲ್ಲಿ ನೊಂದು ಬರೆದಿಟ್ಟರು. ಹೆನ್ರಿಯೆಟಾ ಲೆವಿಟ್ ಮಿನುಗುವ ಒಂದು ಜಾತಿಯ ನಕ್ಷತ್ರಗಳನ್ನು ಎಣಿಸುತ್ತಾ ಎಣಿಸುತ್ತಾ, ಯಾವುದು ನಿಧಾನವಾಗಿ ಮಿನುಗುತ್ತದೋ ಅದು ಹೆಚ್ಚು ಪ್ರಕಾಶದ್ದು ಎಂಬ ನಿಯಮ ಕಂಡರು. 1912ರಲ್ಲಿ ಅದು ಪ್ರಕಟವಾದಾಗ ಕೆಳಗೆ ಸಹಿ ಪಿಕರಿಂಗ್ ಅವರದು. ಒಳಗೆ, ಇದನ್ನು ಸಿದ್ಧ ಮಾಡಿದವರು ಮಿಸ್ ಲೆವಿಟ್ ಎಂಬ ಒಂದು ಸಾಲು. ಖಗೋಳಜ್ಞ ಎಡ್ವಿನ್ ಹಬಲ್ ಮುಂದೆ ಆಂಡ್ರೊಮಿಡಾ ಎಂಬ ನೀಹಾರಿಕೆ ನಮ್ಮ ಗ್ಯಾಲಕ್ಸಿಯ ಹೊರಗಿದೆ ಎಂದು ತೋರಿಸಿದ್ದು ಈ ನಿಯಮ ಹಿಡಿದೇ.

ಯಾರೂ ಅವರಿಗೆ ನಿಯಮ ಕಂಡುಹಿಡಿ ಅಂತ ಹೇಳಿರಲಿಲ್ಲ. ಅಳೆ, ಬರೆ, ಮುಂದಿನದಕ್ಕೆ ಹೋಗು. ಹುದ್ದೆ ಕೇಳಿದ್ದು ಅಷ್ಟೇ.

1936ರಲ್ಲಿ ಅಲನ್ ಟ್ಯೂರಿಂಗ್ ಬರೆದ ಒಂದು ಪ್ರಬಂಧದಿಂದ ಇವತ್ತಿನ ಯಂತ್ರದ ಕಲ್ಪನೆ ಬಂತು ಎಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಆ ಪ್ರಬಂಧವನ್ನು ತೆರೆದು ನೋಡಿ. ಅದರಲ್ಲಿ 'ಕಂಪ್ಯೂಟರ್' ಎಂಬ ಪದ ಬರುತ್ತದೆ, ಆದರೆ ಅದು ಯಂತ್ರವಲ್ಲ. ಟ್ಯೂರಿಂಗ್ ಅದನ್ನು 'ಅವನು' ಅನ್ನುತ್ತಾರೆ. ಮಕ್ಕಳ ಲೆಕ್ಕದ ಪುಸ್ತಕದ ಹಾಗೆ ಚೌಕಗಳಿರುವ ಕಾಗದದ ಮುಂದೆ ಕೂತ ಒಬ್ಬ ಮನುಷ್ಯ. ಅವನು ಒಂದು ಸಲಕ್ಕೆ ಎಷ್ಟು ಚೌಕ ನೋಡಬಲ್ಲ? ಅವನ ಮನಸ್ಸು ಆ ಕ್ಷಣಕ್ಕೆ ಯಾವ ಸ್ಥಿತಿಯಲ್ಲಿದೆ? ಮುಂದೆ ಏನು ಬರೆಯುತ್ತಾನೆ? ಹೀಗೆ ಅವನನ್ನು ನೋಡುತ್ತಾ ನೋಡುತ್ತಾ, ಅವನು ಮಾಡುವುದನ್ನೇ ಮಾಡುವ ಒಂದು ಯಂತ್ರವನ್ನು ಟ್ಯೂರಿಂಗ್ ಮನಸ್ಸಿನಲ್ಲಿ ಕಟ್ಟಿದರು.

ಅಂದರೆ ಯಂತ್ರಕ್ಕೆ ಮಾದರಿ ಈ ನೌಕರರು. ಮ್ಯಾಸ್ಕಲಿನ್ ಬರೆದುಕೊಟ್ಟ ಹೆಜ್ಜೆಗಳ ಪಟ್ಟಿ ಇದೆಯಲ್ಲ, ಅದೇ ಮುಂದೆ ಪ್ರೋಗ್ರಾಂ ಎಂಬುದಾಯಿತು. ನಾನು ದಿನಾ ಬರೆಯುವ ಕೋಡಿಗೂ ಲಡ್ಲೋದ ಆ ಮನೆಗೆ ಅಂಚೆಯಲ್ಲಿ ಬರುತ್ತಿದ್ದ ಕಾಗದಕ್ಕೂ ನೇರ ಸಂಬಂಧವಿದೆ. ಇದು ತಿಳಿದ ಮೇಲೆ ನನ್ನ ಕೆಲಸವನ್ನು ನಾನು ನೋಡುವ ರೀತಿಯೇ ಬೇರೆಯಾಯಿತು.

ಎರಡನೇ ಮಹಾಯುದ್ಧ ಬಂತು. ಫಿರಂಗಿಯ ಗುಂಡು ಯಾವ ಕೋನಕ್ಕೆ ಹಾರಿಸಿದರೆ ಎಲ್ಲಿ ಬೀಳುತ್ತದೆ ಎಂಬ ಪಟ್ಟಿಗಳು ಅಮೆರಿಕದ ಸೇನೆಗೆ ಬೇಕಿದ್ದವು. ಫಿಲಡೆಲ್ಫಿಯಾದಲ್ಲಿ ಗಣಿತ ಓದಿದ ಹುಡುಗಿಯರನ್ನು ಕಂಪ್ಯೂಟರ್ ಹುದ್ದೆಗೆ ತೆಗೆದುಕೊಂಡರು. ಮೇಜಿನ ಮೇಲಿನ ಕ್ಯಾಲ್ಕ್ಯುಲೇಟರ್ ಹಿಡಿದು ಒಂದೇ ಒಂದು ಗುಂಡಿನ ದಾರಿ ಲೆಕ್ಕ ಹಾಕಲು 30-40 ಗಂಟೆ ಹಿಡಿಯುತ್ತಿತ್ತು. ಇದಕ್ಕೆಂದೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ 18,000 ವ್ಯಾಕ್ಯೂಮ್ ಟ್ಯೂಬುಗಳ ಯಂತ್ರ ಕಟ್ಟಿದರು. ಅದೇ ಎನಿಯಾಕ್. ಅದರ ಹೆಸರಿನ ಕೊನೆಯ ಅಕ್ಷರ ಕಂಪ್ಯೂಟರ್ ಎಂಬುದರದ್ದು.

ಅದನ್ನು ನಡೆಸಲು 1945ರಲ್ಲಿ ಆರು ಜನರನ್ನು ಆರಿಸಿದರು. ಎಲ್ಲರೂ ಆ ಕಂಪ್ಯೂಟರ್ ಹುಡುಗಿಯರೇ. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಹೆಸರುಗಳನ್ನು ಬೇಕೆಂದೇ ಪೂರ್ತಿ ಬರೆದಿದ್ದೇನೆ. ಮೊದಮೊದಲು ಯಂತ್ರವಿದ್ದ ಕೋಣೆಗೂ ಅವರನ್ನು ಬಿಡುತ್ತಿರಲಿಲ್ಲ. ಕೈಪಿಡಿ ಇರಲಿಲ್ಲ. ವೈರಿಂಗ್ ನಕ್ಷೆ ನೋಡಿ ನೋಡಿಯೇ ಯಂತ್ರವನ್ನು ಅರ್ಥ ಮಾಡಿಕೊಂಡರು. 1946ರ ಫೆಬ್ರವರಿಯಲ್ಲಿ ಯಂತ್ರವನ್ನು ಜಗತ್ತಿಗೆ ತೋರಿಸಿದಾಗ ಗುಂಡು ಗುರಿ ಮುಟ್ಟುವ ಮೊದಲೇ ಅದರ ಲೆಕ್ಕ ಮುಗಿದಿತ್ತು. ಆ ಲೆಕ್ಕವನ್ನು ಯಂತ್ರಕ್ಕೆ ಹೂಡಿದವರು ಇಬ್ಬರು ಬೆಟ್ಟಿಯರು. ಆ ರಾತ್ರಿಯ ಔತಣಕ್ಕೆ ಅವರಿಗೆ ಕರೆ ಇರಲಿಲ್ಲ.

ಪದ ಕೈ ಬದಲಾಯಿಸಿದ್ದು ಅಲ್ಲೇ, ಆ ಕೋಣೆಯಲ್ಲೇ ಅಂತ ನನಗೆ ಅನಿಸುತ್ತದೆ. ಕಂಪ್ಯೂಟರ್‌ಗಳು ಕಂಪ್ಯೂಟರ್ ಮುಂದೆ ನಿಂತಿದ್ದರು. ಹೊರಗೆ ಬರುವಾಗ ಹೆಸರು ಯಂತ್ರದ ಹತ್ತಿರ ಉಳಿಯಿತು. ಅವರು 'ಆಪರೇಟರ್' ಆದರು.

ಆದರೂ ಹಳೇ ಅರ್ಥ ತಕ್ಷಣ ಸಾಯಲಿಲ್ಲ. ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ ವಿಮಾನ ಸಂಶೋಧನೆಯ ಸಂಸ್ಥೆಯಿತ್ತು, ಮುಂದೆ ಅದೇ ನಾಸಾದ ಭಾಗವಾಯಿತು. ಅಲ್ಲಿ 1935ರಿಂದಲೇ ಹೆಂಗಸರು ಕಂಪ್ಯೂಟರ್‌ಗಳಾಗಿದ್ದರು. 1943ರಿಂದ ಕಪ್ಪು ಹೆಂಗಸರನ್ನೂ ತೆಗೆದುಕೊಂಡರು, ಬೇರೆ ಕಟ್ಟಡದಲ್ಲಿ ಕೂರಿಸಿದರು. ಕ್ಯಾಂಟೀನಿನಲ್ಲಿ ಅವರಿಗೆ ಬೇರೆ ಮೇಜು. ಅದರ ಮೇಲೆ ಒಂದು ಬೋರ್ಡು: 'ಕಲರ್ಡ್ ಕಂಪ್ಯೂಟರ್ಸ್'.

ಇವತ್ತಿನ ಹುಡುಗರಿಗೆ ಈ ಎರಡು ಪದ ತೋರಿಸಿದರೆ ಬಣ್ಣದ ಪರದೆಯ ಯಂತ್ರ ಅಂದುಕೊಳ್ಳುತ್ತಾರೆ. ಅಲ್ಲಿ ಅದು ಅವಮಾನದ ಬೋರ್ಡು. ಪದವಿ ಓದಿ, ವಿಮಾನದ ರೆಕ್ಕೆಯ ಲೆಕ್ಕ ಮಾಡಿ ಊಟಕ್ಕೆ ಬಂದವರಿಗೆ ನೀವು ಇಲ್ಲೇ ಕೂರಿ ಅಂತ ಹೇಳುವ ಬೋರ್ಡು. ಮಿರಿಯಂ ಮ್ಯಾನ್ ಎಂಬಾಕೆ ಒಂದು ದಿನ ಅದನ್ನು ಎತ್ತಿ ತನ್ನ ಪರ್ಸಿನಲ್ಲಿ ಹಾಕಿಕೊಂಡುಬಿಟ್ಟರು. ಮತ್ತೆ ಹೊಸದು ಬಂತು. ಅದನ್ನೂ ಎತ್ತಿದರು. ಹೀಗೇ ನಡೆಯಿತು. ಕೊನೆಗೆ ಒಂದು ದಿನ ಬೋರ್ಡು ಇಡುವುದು ನಿಂತುಹೋಯಿತು. ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ವ್ಯಕ್ತಿ ಯಾರು ಅಂತ ಕೇಳಿದರೆ ಮಿರಿಯಂ ಮ್ಯಾನ್ ಹೆಸರು ಹೇಳುತ್ತೇನೆ.

ಅದೇ ಗುಂಪಿಗೆ 1953ರಲ್ಲಿ ಸೇರಿದವರು ಕ್ಯಾಥರಿನ್ ಜಾನ್ಸನ್. 1962ರಲ್ಲಿ ಜಾನ್ ಗ್ಲೆನ್ ಭೂಮಿಯನ್ನು ಸುತ್ತಲು ಹೊರಡುವ ಮೊದಲು, ಐಬಿಎಂ ಯಂತ್ರ ಕೊಟ್ಟ ಅಂಕಿಗಳನ್ನು ಆ ಹುಡುಗಿ ಕೈಲಿ ಇನ್ನೊಮ್ಮೆ ನೋಡಿಸಿ ಎಂದರು. 'ಹುಡುಗಿ'ಗೆ ಆಗ ನಲವತ್ತು ದಾಟಿತ್ತು. ಕ್ಯಾಥರಿನ್ ಒಂದೂವರೆ ದಿನ ಕೂತು ಅಷ್ಟನ್ನೂ ಮಾಡಿ, ಸರಿಯಿದೆ ಅಂದರು. ಗ್ಲೆನ್ ಹೊರಟರು. ಹೊಸ ಕಂಪ್ಯೂಟರಿನ ಲೆಕ್ಕವನ್ನು ಹಳೇ ಕಂಪ್ಯೂಟರ್ ತಾಳೆ ನೋಡಿದ ದಿನ ಅದು.

ಶಕುಂತಲಾ ದೇವಿಯವರ ಮಾತಿಗೆ ಬರೋಣ. ಬೆಂಗಳೂರಿನವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಉತ್ತರ ಕೊಟ್ಟರು. ಜಗತ್ತು ಅವರನ್ನು 'ಹ್ಯೂಮನ್ ಕಂಪ್ಯೂಟರ್' ಎಂದು ಕೊಂಡಾಡಿತು. ಸಿಕ್ದರ್ ಕಾಲದವರಿಗೆ ಈ ಬಿರುದು ಅರ್ಥವೇ ಆಗುತ್ತಿರಲಿಲ್ಲ. ಕಂಪ್ಯೂಟರ್ ಅಂದ ಮೇಲೆ ಮನುಷ್ಯರೇ, ಇನ್ನೇನು? ನೂರು ಚಿಲ್ಲರೆ ವರ್ಷದಲ್ಲಿ ಪದ ಎಷ್ಟು ದೂರ ಹೋಗಿಬಿಟ್ಟಿದೆ ನೋಡಿ. ಮನುಷ್ಯರನ್ನು ಹೊಗಳಬೇಕಾದರೆ ಅವರದೇ ಹಳೇ ಹೆಸರನ್ನು ಯಂತ್ರದಿಂದ ಸಾಲ ತರಬೇಕಾಯಿತು.

ನಮ್ಮ 'ಗಣಕ'ನಿಗೂ ಹೀಗೇ ಆಗಿದೆ. ಗಣಕ ಅಂದರೆ ಲೆಕ್ಕಿಗ, ಜೋಯಿಸ. ಕಂಪ್ಯೂಟರಿಗೆ ಮೊದಲು ಗಣಕಯಂತ್ರ ಅಂದೆವು, ಆಮೇಲೆ ಯಂತ್ರ ಬಿಟ್ಟು ಗಣಕ ಅಂತಲೇ ಅಂದೆವು. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಗಣಕನಿಗೆ ಎಂಟು ಗುಣ ಇರಬೇಕು ಎಂದು ಹೇಳಿದ್ದಾನೆ. ಬೇಗ ಲೆಕ್ಕ ಮುಗಿಸುವುದು. ಮುಂದೇನು ಎಂದು ಊಹಿಸುವುದು. ಬೇಡದ್ದನ್ನು ಮೊದಲೇ ಕಂಡು ಬಿಡುವುದು. ಸೋಮಾರಿ ಆಗದಿರುವುದು. ಹೇಳಿದ್ದನ್ನು ಗ್ರಹಿಸುವುದು. ನೆನಪಿನಲ್ಲಿ ಇಟ್ಟುಕೊಳ್ಳುವುದು. ಹೊಸ ಉಪಾಯ ಹುಡುಕುವುದು. ಕಾಣದ ಅಂಕಿಯನ್ನು ಬಯಲಿಗೆ ತರುವುದು.

ಈ ಪಟ್ಟಿಯನ್ನು ನಾನು ಆಗಾಗ ಓದುತ್ತೇನೆ. ವೇಗ, ನೆನಪು, ದಣಿವಿಲ್ಲದೆ ದುಡಿಯುವುದು, ಇವು ಯಂತ್ರಕ್ಕೆ ಬಂದಿವೆ. ಯಾರಿಗಿಂತಲೂ ಚೆನ್ನಾಗಿ ಬಂದಿವೆ. ಆದರೆ ಸುಮ್ನೆ ಎಣಿಸು ಅಂದಾಗ ಲೆವಿಟ್ ಎಣಿಸಿದ್ದರಲ್ಲಿ ನಿಯಮ ಕಂಡದ್ದು, ಒಂದಕ್ಕೊಂದು ಕೂಡದ ಅಳತೆಗಳ ನಡುವೆ ಸಿಕ್ದರ್ ಯಾವುದನ್ನು ಎಷ್ಟು ನಂಬಬೇಕು ಎಂದು ತೂಗಿದ್ದು, ಆ ಊಹೆ, ಆ ಉಪಾಯ ಮನುಷ್ಯರವು. ಹುದ್ದೆಯ ಪಟ್ಟಿಯಲ್ಲಿ ಅವುಗಳಿಗೆ ಜಾಗ ಇರಲಿಲ್ಲ, ಸಂಬಳವೂ ಇರಲಿಲ್ಲ. ಮಹಾವೀರಾಚಾರ್ಯ ಮಾತ್ರ ಸಾವಿರ ವರ್ಷಕ್ಕೂ ಹಿಂದೆಯೇ ಅವುಗಳನ್ನೂ ಸೇರಿಸಿ ಎಣಿಸಿದ್ದ.

ಭಾರತದಲ್ಲಿ ಮನುಷ್ಯ ಕಂಪ್ಯೂಟರ್‌ಗಳು ಸ್ವಾತಂತ್ರ್ಯ ಬಂದ ಮೇಲೂ ದಶಕಗಟ್ಟಲೆ ಇದ್ದರು. ಜನಗಣತಿ ಇಲಾಖೆಯ ಹಳೇ ವರದಿಗಳ ಸಿಬ್ಬಂದಿ ಪಟ್ಟಿಯಲ್ಲಿ ಆ ಹುದ್ದೆ ಕಾಣುತ್ತದೆ. ಯಂತ್ರದ ಜೊತೆ ಗೊಂದಲ ಆಗದಿರಲಿ ಎಂಬಂತೆ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಬೇರೆ, ಕೊನೆಯ 'ಇ' ಇದ್ದಲ್ಲಿ 'ಓ'. ಅದೇ ಹೊತ್ತಿಗೆ ಯಂತ್ರದ ಹೆಸರು ಕೇಳಿದರೆ ನೌಕರರಿಗೆ ಭಯ. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಬಂದ ಯಂತ್ರಗಳನ್ನು 'ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್' ಎಂದು ಕರೆದರು. ಹಳೇ ಬ್ಯಾಂಕ್ ನೌಕರರನ್ನು ಕೇಳಿ, ಎಎಲ್‌ಪಿಎಂ ಅಂತ ಈಗಲೂ ನೆನಪು ಮಾಡಿಕೊಳ್ಳುತ್ತಾರೆ. ಕಂಪ್ಯೂಟರ್ ಎಂಬ ಮಾತಿಗೆ ಆಗ ಕೆಲಸ ಕಸಿಯುವುದು ಎಂಬ ಅರ್ಥ ಬಂದಿತ್ತು. ಆ ಭಯವನ್ನು ಈಗ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಹಿಡಿಸುವುದಿಲ್ಲ. ಎಲೈಜಾ ಎಡ್ವರ್ಡ್ಸ್‌ಗೆ ಆದದ್ದನ್ನು ಓದಿದವರಿಗೆ ಅದು ಅರ್ಥವಾಗುತ್ತದೆ.

ಈಗ ನಮ್ಮೂರ ಕಡೆ ಪದ ಇನ್ನೊಂದು ಮಗ್ಗುಲಿಗೆ ತಿರುಗಿದೆ. ಗ್ರಾಮ ಪಂಚಾಯಿತಿಯಲ್ಲಿ ಪಹಣಿ, ಪಿಂಚಣಿ, ಉದ್ಯೋಗ ಖಾತ್ರಿ ಎಂದು ಯಾವ ಕೆಲಸಕ್ಕೆ ಹೋದರೂ ಅಂಕಿ ತುಂಬುವ ಆಪರೇಟರ್ ಒಬ್ಬರು ಇರುತ್ತಾರೆ. ಜನ ಅವರ ಹುದ್ದೆಯ ಹೆಸರು ಹೇಳುವುದಿಲ್ಲ. 'ಕಂಪ್ಯೂಟರ್‌ನವ್ರು ಬಂದಿದಾರಾ?' ಅಂತ ಬಾಗಿಲಲ್ಲೇ ಕೇಳುತ್ತಾರೆ. ಒಳಗಿಂದ ಉತ್ತರ ಬರುತ್ತದೆ, 'ಇಲ್ಲ, ಕಂಪ್ಯೂಟರ್‌ನವ್ರು ಇವತ್ತು ತಾಲ್ಲೂಕು ಆಫೀಸಿಗೆ ಹೋಗಿದಾರೆ, ನಾಳೆ ಬನ್ನಿ.'